ಗ್ಲೆನಿಸಳ ಕೈಗುಣ

ಚಿನ್ನದ ಗಣಿಗಳ ಊರಾದ ಕಾಲ್ಗೂರ್ಲಿಯಲ್ಲಿ ಹವ್ಯಾಸಕ್ಕೆ ಚಿನ್ನ ಹುಡುಕುವವರ ಸಂಘವೊಂದಿತ್ತು. ತಿಂಗಳಿಗೊಂದು ಸಂಜೆ ಅದರ ತಗಡು ಹೊದಿಸಿದ ಹಾಲ್‌ನಲ್ಲಿ ಹೊಸಬರಿಗೆ ಪಾಠ ನಡೆಯುತ್ತಿತ್ತು. ಪಾಠ ಹೇಳುತ್ತಿದ್ದವನು ಡೆಸ್ ಪೆಂಗೆಲಿ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಎತ್ತರದ ಒಣಕಲು ಆಳು, ಬಿಸಿಲಿಗೆ ಬೆಂದ ಕತ್ತು. ಮಾತಾಡುವಾಗ ಎದುರಿಗಿದ್ದವರ ಮುಖಕ್ಕಿಂತ ಅವರ ಬೂಟನ್ನೇ ಹೆಚ್ಚು ನೋಡುತ್ತಿದ್ದ.

ಉದ್ದನೆಯ ಮೇಜಿನ ಮೇಲೆ ಅವನ ಸಾಮಾನೆಲ್ಲ ಒಪ್ಪವಾಗಿ ಹರಡಿರುತ್ತಿತ್ತು. ಹಾವಿನ ಹಲ್ಲು ಇಳಿಯದಂಥ ದಪ್ಪ ಬಟ್ಟೆಯ ಕಾಲುಪಟ್ಟಿ, ಕಚ್ಚಿದರೆ ಬಿಗಿಯಾಗಿ ಸುತ್ತುವ ಅಗಲವಾದ ಬ್ಯಾಂಡೇಜು, ನೀರಿನ ಕ್ಯಾನು, ಕೈಯಲ್ಲಿ ಹಿಡಿಯುವ ರೇಡಿಯೊ. ಎಲ್ಲದರ ನಡುವೆ, ದೇವರ ಪಟ ಇಟ್ಟ ಹಾಗೆ, ಅಂಗೈಯಗಲದ ಹಳದಿ ಪೆಟ್ಟಿಗೆಯೊಂದು. ಅದರ ಕಡ್ಡಿ ಎತ್ತಿ ಗುಂಡಿ ಒತ್ತಿದರೆ ಉಪಗ್ರಹಕ್ಕೆ ಸುದ್ದಿ ಹೋಗಿ, ಅಲ್ಲಿಂದ ಪೊಲೀಸರಿಗೆ ಮುಟ್ಟುತ್ತದೆ. ಎಲ್ಲರೂ ಅದನ್ನು ಬೀಕನ್ ಎನ್ನುತ್ತಿದ್ದರು.

"ಕಾಡಲ್ಲಿ ಸತ್ತೋರಲ್ಲಿ ದಡ್ಡರು ಕಮ್ಮಿ," ಎಂದು ಡೆಸ್ ಶುರು ಮಾಡುತ್ತಿದ್ದ. "ಜಾಸ್ತಿ ಜನ ನಾಚಿಕೆಯಿಂದ ಸತ್ತಿದ್ದಾರೆ. ದಾರಿ ತಪ್ಪಿದೆ ಅಂತ ಹೇಳಕ್ಕೆ ನಾಚಿಕೆ, ಬೀಕನ್ ಒತ್ತಕ್ಕೆ ನಾಚಿಕೆ. ಎಲ್ಲಿಗೆ ಹೋಗ್ತೀನಿ, ಯಾವಾಗ ಬರ್ತೀನಿ ಅಂತ ಬಿಡಾರದಲ್ಲಿರೋರಿಗೆ ಹೇಳಿ ಹೋಗಿ. ಒಬ್ಬೊಬ್ಬರೇ ಹೋಗ್ಬೇಡಿ. ಗಾಡಿ ಕೆಟ್ರೆ ಗಾಡಿ ಹತ್ರಾನೇ ಕೂತಿರಿ. ಹಿಂದಿನ ಕಾಲದೋರು ತೋಡಿಬಿಟ್ಟ ಗುಂಡಿಗಳಿವೆ, ಕಾಲಿಡೋ ಮುಂಚೆ ನೆಲ ತಟ್ಟಿ ನೋಡಿ."

ಜನ ತಲೆಯಾಡಿಸುತ್ತಿದ್ದರು. ಡೆಸ್‌ಗೆ ಆ ತಲೆಯಾಡಿಸುವಿಕೆ ಬಹಳ ಇಷ್ಟ.

ಇಷ್ಟೆಲ್ಲ ಬಲ್ಲವನಿಗೆ ಚಿನ್ನ ಮಾತ್ರ ಒಲಿದಿರಲಿಲ್ಲ. ಕೆಲಸದಲ್ಲಿದ್ದಾಗ ರಜೆ ರಜೆಗೂ, ನಿವೃತ್ತಿಯಾದ ಮೇಲೆ ಚಳಿಗಾಲ ಪೂರ್ತಿ, ಮೆಂಜೀಸ್ ಎಂಬ ಊರಿನ ಆಚೆಯ ಕೆಂಪು ನೆಲದ ಮೇಲೆ, ಮಣ್ಣಿನಡಿ ಲೋಹವಿದ್ದರೆ ಕೂಗುವ ಯಂತ್ರ ಬೀಸುತ್ತ ನಡೆದದ್ದೇ ನಡೆದದ್ದು. ಸಿಕ್ಕಿದ್ದು ಸಾಸಿವೆಯಷ್ಟು, ಅಕ್ಕಿಕಾಳಿನಷ್ಟು ತುಣುಕುಗಳು. ಅವನ್ನೆಲ್ಲ ಒಂದು ಮಾತ್ರೆ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುತ್ತಿತ್ತು, ಅಷ್ಟೇ.

ಹೆಂಡತಿ ಗ್ಲೆನಿಸ್ ಅವನ ಜೊತೆ ಹೋಗುತ್ತಿದ್ದಳು, ಆದರೆ ಗಾಡಿಯ ಹಿಂದೆ ಎಳೆದೊಯ್ಯುವ ಮನೆಯಾದ ಕ್ಯಾರವಾನ್ ಬಿಟ್ಟು ದೂರ ಹೋಗುತ್ತಿರಲಿಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಮಾಂಸದ ಪೈ ಬೇಯಿಸಿ, ಮಕ್ಕಳ ಗದ್ದಲ ಕೇಳಿ ಸಾಕಾದವಳು. ಕಾಡಿನ ಮೌನದಲ್ಲಿ ಕುರ್ಚಿ ಹಾಕಿಕೊಂಡು ಉಣ್ಣೆ ಹೆಣೆಯುವುದೇ ಅವಳಿಗೆ ಹಬ್ಬ. ಒಂದು ಚಳಿಗಾಲ ಅದೂ ಬೇಜಾರಾಯಿತು.

"ಆ ಹಳೇ ಯಂತ್ರ ಸುಮ್ನೆ ಬಿದ್ದಿದೆಯಲ್ಲ, ನಂಗೆ ಕೊಡೋ," ಎಂದಳು. "ಎಷ್ಟೂಂತ ಹೆಣೀತಾ ಕೂತಿರ್ಲಿ? ಮೊಮ್ಮಕ್ಕಳಿಗೆಲ್ಲ ಟೋಪಿ ಆಯ್ತು. ಪಕ್ಕದ ಆಲ್ಬಿಯ ನಾಯಿಗೂ ಒಂದಾಯ್ತು."

"ಅದನ್ನ ಕಲಿಯಕ್ಕೇ ಒಂದು ವರ್ಷ ಬೇಕು ಕಣೇ."

"ಕೊಡು, ಒಂದು ವರ್ಷ ಕಲೀತೀನಿ."

ಅವಳು ಕಲಿತದ್ದು ಒಂದು ಮಧ್ಯಾಹ್ನ. ಸಂಜೆ ಟೀ ಹೊತ್ತಿಗೆ ವಾಪಸು ಬಂದು ಅಂಗೈ ಬಿಚ್ಚಿದಾಗ ಅದರಲ್ಲಿ ಅವರೆಕಾಳಿನಷ್ಟು ದೊಡ್ಡ ಚಿನ್ನದ ತುಣುಕಿತ್ತು, ಕೆಂಪು ಮಣ್ಣು ಮೆತ್ತಿಕೊಂಡು. "ಇದು ಅದೇನಾ ನೋಡು. ಹಿತ್ತಾಳೆ ಗಿತ್ತಾಳೆ ಅಲ್ಲ ತಾನೇ?" ಎಂದು ಕೇಳಿದಳು.

ಡೆಸ್ ಅವತ್ತು ನಿಜವಾಗಿಯೂ ಖುಷಿಪಟ್ಟ. ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ, ನೋವಿಗೆ ತನ್ನ ಸೊಂಟ ಹಿಡಿದುಕೊಂಡ. ಪಕ್ಕದ ಕ್ಯಾರವಾನಿನ ಆಲ್ಬಿ ಮತ್ತು ಅವನ ಹೆಂಡತಿ ರೋಮಾಳನ್ನು ಕರೆದು ತೋರಿಸಿ ಫೋಟೊ ತೆಗೆದ. "ಹೊಸಬರಿಗೆ ಮೊದಲ ಸಲ ಹೀಗೆ ಸಿಗತ್ತೆ," ಎಂದು ತಿಳಿದವನಂತೆ ಹೇಳಿದ.

ಎರಡನೆಯ ಸಲವೂ ಸಿಕ್ಕಿತು. ಮೂರನೆಯ ಸಲ ಸಿಕ್ಕಾಗ ಅವನು ಫೋಟೊ ತೆಗೆಯುವುದನ್ನು ಮರೆತ. ಆ ಚಳಿಗಾಲ ಮುಗಿಯುವ ಹೊತ್ತಿಗೆ ಗ್ಲೆನಿಸ್ ಖಾಲಿ ಸಾಸಿವೆ ಸಾಸ್ ಬಾಟಲಿಯೊಂದನ್ನು ತೊಳೆದು ತನ್ನ ತುಣುಕುಗಳನ್ನು ಹಾಕಿಟ್ಟಿದ್ದಳು. ಮಾತ್ರೆ ಡಬ್ಬಿಯ ಪಕ್ಕದಲ್ಲೇ, ಅದೇ ಕಪಾಟಿನಲ್ಲಿ. ಡೆಸ್ ಬೆಳಗ್ಗೆ ಸಕ್ಕರೆ ತೆಗೆಯಲು ಕಪಾಟು ತೆರೆದಾಗಲೆಲ್ಲ ಎರಡೂ ಕಣ್ಣಿಗೆ ಬೀಳುತ್ತಿದ್ದವು. ಅವನು ಟೀಗೆ ಸಕ್ಕರೆ ಹಾಕುವುದನ್ನೇ ಬಿಟ್ಟ.

"ಏನೋ ಡೆಸ್, ಸಕ್ಕರೆ ಕಾಯಿಲೆ ಏನಾದ್ರೂ ಬಂತಾ?" ಗ್ಲೆನಿಸ್ ಕೇಳಿದಳು.

"ಇಲ್ಲ. ವಯಸ್ಸಾಯ್ತು, ಕಮ್ಮಿ ಮಾಡೋಣ ಅಂತ."

ಆಲ್ಬಿಗೆ ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ. ಅವನನ್ನು ನಾಲ್ಕು ಮಾತು ಬೈದು, ಅವನದೇ ಬಿಯರ್ ಕುಡಿದು, ತನ್ನ ಕ್ಯಾರವಾನಿಗೆ ಬಂದು ಬಾಗಿಲು ಹಾಕಿಕೊಳ್ಳಬಹುದಿತ್ತು. ಇವಳೊಂದಿಗೆ ಎಲ್ಲಿಗೆ ಬಂದು ಬಾಗಿಲು ಹಾಕುವುದು? ಒಂದೇ ಮೇಜು, ಒಂದೇ ಹಾಸಿಗೆ. ಅವಳು ಒಳ್ಳೆಯವಳು ಎನ್ನುವುದೇ ದೊಡ್ಡ ಕಷ್ಟವಾಗಿತ್ತು. ಜಂಬ ಕೊಚ್ಚುತ್ತಿರಲಿಲ್ಲ. ಸಿಕ್ಕಿದ್ದನ್ನು ಮೇಜಿನ ಮೇಲಿಟ್ಟು ಆಲೂಗಡ್ಡೆ ಸುಲಿಯಲು ಹೋಗುತ್ತಿದ್ದಳು. ಅವಳು ಒಂದಿಷ್ಟು ಮೆರೆದಿದ್ದರೆ ಅವನು ಸಿಟ್ಟಾಗಬಹುದಿತ್ತು. ಸಿಟ್ಟಾಗಲು ಕಾರಣ ಸಿಗದೆ ಆ ಸಿಟ್ಟು ಹೊಟ್ಟೆಯೊಳಗೇ ಉಳಿದು ಕೆಂಡವಾಯಿತು.

ಅವಳು ಯಂತ್ರ ಬೀಸುವ ರೀತಿ ನೋಡಿದರೆ ಅವನ ಮೈ ಉರಿಯುತ್ತಿತ್ತು. ಒಂದು ಬೀಸಿಗೂ ಇನ್ನೊಂದಕ್ಕೂ ನಡುವೆ ಸಂದು ಬಿಡಬಾರದು, ನೇರ ಸಾಲಿನಲ್ಲಿ ನಡೆಯಬೇಕು, ಎರಡೂ ಕಿವಿಗೆ ಹೆಡ್‌ಫೋನ್ ಇರಬೇಕು, ಇದು ಪಾಠ. ಗ್ಲೆನಿಸ್ ಒಂದೇ ಕಿವಿಗೆ ಸಿಕ್ಕಿಸಿಕೊಂಡು, ಏನನ್ನೋ ಗುನುಗುತ್ತ, ಹೂವು ಕಂಡ ಕಡೆ ತಿರುಗಿ, ದನ ಮೇಯುವ ಹಾಗೆ ಅಲೆಯುತ್ತಿದ್ದಳು.

"ಇನ್ನೊಂದು ಕಿವಿ ಯಾಕೆ ಬಿಟ್ಟಿದ್ದೀಯ?" ಎಂದು ಒಮ್ಮೆ ರೇಗಿದ.

"ನೀನು ಕರೆದ್ರೆ ಕೇಳಿಸ್ಬೇಕಲ್ಲ," ಎಂದಳು.

ಅವನು ಸಣ್ಣ ಬುದ್ಧಿಗಳನ್ನೂ ಮಾಡಿದ. ತಾನು ಎರಡೆರಡು ಸಲ ಗುಡಿಸಿದಂತೆ ಹುಡುಕಿ ಏನೂ ಇಲ್ಲವೆಂದು ಬಿಟ್ಟ ಜಾಗವನ್ನು, ಒಳ್ಳೆಯ ಜಾಗ ಎಂದು ಅವಳಿಗೆ ತೋರಿಸಿದ. ಅಲ್ಲಿಯೂ ಅವಳಿಗೆ ಸಿಕ್ಕಿತು. ಯಂತ್ರದಲ್ಲೇ ಏನೋ ಇರಬೇಕು ಎಂದುಕೊಂಡು, ಹಳೆಯದನ್ನು ಸರ್ವಿಸ್ ಮಾಡಬೇಕೆಂದು ನೆಪ ಹೇಳಿ ತಾನಿಟ್ಟುಕೊಂಡು, ಕಾರಿಗಿಂತ ಮುದ್ದಿನಿಂದ ನೋಡಿಕೊಂಡಿದ್ದ ತನ್ನ ಹೊಸ ಯಂತ್ರವನ್ನು ಅವಳಿಗೆ ಕೊಟ್ಟ. ಆ ವಾರ ಹಳೆಯದು ಅವನ ಕೈಯಲ್ಲಿ ತುಕ್ಕು ಹಿಡಿದ ಮೊಳೆ ಮತ್ತು ಡಬ್ಬಿಯ ಮುಚ್ಚಳ ಬಿಟ್ಟು ಬೇರೇನನ್ನೂ ತೋರಿಸಲಿಲ್ಲ. ಗ್ಲೆನಿಸ್ ಹೊಸದರಲ್ಲಿ ಎರಡು ತುಣುಕು ತಂದಳು. "ಇದು ಬಲೇ ಹಗುರ ಕಣೋ. ನನ್ನ ಭುಜಕ್ಕೆ ಒಳ್ಳೇದು ಅಂತ ತಾನೇ ಕೊಟ್ಟೆ?" ಎಂದು ಅವನ ಕೆನ್ನೆ ತಟ್ಟಿದಳು. ಡೆಸ್ ಹೌದು ಎಂದ.

ಆಲ್ಬಿ ಸುಮ್ಮನಿರುವ ಜಾತಿಯಲ್ಲ. ಬೆಂಕಿ ಸುತ್ತ ಕೂತಾಗ ಅವನ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. "ಡೆಸ್, ನಾಳೆಯಿಂದ ನೀನು ಹೆಣೆಯೋದು ಕಲ್ತ್ಕೋ. ನನ್ನ ನಾಯಿ ಟೋಪಿ ಹರಿದುಹೋಗಿದೆ."

"ನಿನ್ನ ಬಾಯಿಗೊಂದು ಹೆಣೀತೀನಿ ತಡಿ," ಎಂದು ಡೆಸ್ ನಕ್ಕ. ಎಲ್ಲರೂ ನಕ್ಕರು. ಅವತ್ತು ಅವನು ಸರಿಯಾಗಿ ಊಟ ಮಾಡಲಿಲ್ಲ.

ಇದಕ್ಕಿಂತ ಚುಚ್ಚಿದ ಮಾತು ಬಂದದ್ದು ಸಂಘದ ಹಾಲ್‌ನಲ್ಲಿ, ಆಡಿದವಳಿಗೆ ಚುಚ್ಚುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ಪಾಠ ಮುಗಿಸಿ ಸಾಮಾನು ಜೋಡಿಸುತ್ತಿದ್ದಾಗ ಹೊಸದಾಗಿ ಸೇರಿದ ಹೆಂಗಸೊಬ್ಬಳು ಬಂದು, "ತುಂಬಾ ಚೆನ್ನಾಗಿ ಹೇಳಿದ್ರಿ. ನೀವು ಗ್ಲೆನಿಸ್ ಅವರ ಗಂಡ ಅಲ್ವಾ?" ಎಂದಳು. ಹಾಲ್‌ನ ಆ ತುದಿಯಲ್ಲಿ ಟೀ ಮತ್ತು ಕೇಕಿನ ಹತ್ತಿರ ಗ್ಲೆನಿಸಳ ಸುತ್ತ ಜನ ಮುತ್ತಿಕೊಂಡಿದ್ದರು. ಅವಳು ಕೈಯಾಡಿಸಿ ಏನೋ ಹೇಳುತ್ತಿದ್ದಳು. ಅವರೂ ತಲೆಯಾಡಿಸುತ್ತಿದ್ದರು.

ಅಕ್ಟೋಬರಿನಲ್ಲಿ, ಅಲ್ಲಿನ ಬೇಸಿಗೆಯ ಬಿಸಿಲೇರುವ ಮುಂಚೆ ವರ್ಷದ ಕೊನೆಯ ಸಲವೆಂದು, ಎರಡೂ ದಂಪತಿಗಳು ಮತ್ತೆ ಹೋದರು. ಕುರಿ ಸಾಕುವ ದೊಡ್ಡ ಜಮೀನೊಂದರ ಮೂಲೆಯಲ್ಲಿ, ಮಾಲೀಕರನ್ನು ಕೇಳಿಕೊಂಡು, ಮಲ್ಗಾ ಎನ್ನುವ ಕುರುಚಲು ಜಾಲಿ ಗಿಡಗಳ ನಡುವೆ ಬಿಡಾರ ಹೂಡಿದರು. ಗ್ಲೆನಿಸ್ ಕೆಂಪು ದಿಣ್ಣೆಯ ಆಚೆ ಒಂದು ಒಣಹಳ್ಳ ಕಂಡುಕೊಂಡಳು. ಒಂದು ಸಂಜೆ ಅಲ್ಲಿಂದ ಮೂರು ತುಣುಕು ತಂದಳು, ಮೂರೂ ಒಂದೇ ಕಡೆ, ಕೂತಲ್ಲಿಂದಲೇ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಸಿಕ್ಕಿದ್ದವು.

"ನಾಳೆ ಬೆಳಗ್ಗೆ ಇಬ್ರೂ ಹೋಗೋಣ," ಎಂದಳು. "ನೀನು ಬರ್ಲೇಬೇಕು. ಇನ್ನೂ ಇದೆ ಅಲ್ಲಿ, ನಂಗೆ ಗೊತ್ತು."

"ನಾಳೆ ಆಗಲ್ಲ. ಚಪ್ಪರದ ಕಂಬ ಸಡಿಲ ಆಗಿದೆ, ರಿಪೇರಿ ಮಾಡ್ಬೇಕು."

"ಚಪ್ಪರ ಓಡಿ ಹೋಗತ್ತಾ? ನಾಡಿದ್ದು ಮಾಡು."

"ಆಗಲ್ಲ ಅಂದೆನಲ್ಲ ಗ್ಲೆನಿಸ್."

ಅವಳು ಅವನ ಮುಖ ನೋಡಿದಳು. ಮತ್ತೆ ಒತ್ತಾಯ ಮಾಡಲಿಲ್ಲ. ಬೆಳಗ್ಗೆ ಆಲ್ಬಿಯ ಟ್ರೇಲರಿನ ಚಕ್ರ ತೂತಾಗಿದ್ದು ಕಂಡಿತು. ಅದಕ್ಕೆ ತೇಪೆ ಹಾಕಿಸಿಕೊಂಡು ಬರಲು ಅವನೂ ರೋಮಾಳೂ ಮೆಂಜೀಸಿಗೆ ಹೊರಟಾಗ, ಬ್ರೆಡ್ಡು ಮುಗಿದಿದೆ, ಮಗಳಿಗೂ ಫೋನು ಮಾಡಬೇಕು ಎಂದು ಗ್ಲೆನಿಸ್ ಅವರ ಜೊತೆ ಹತ್ತಿದಳು. ಧೂಳು ಮರೆಯಾಗುವವರೆಗೆ ಡೆಸ್ ಸುತ್ತಿಗೆ ಹಿಡಿದು ಚಪ್ಪರದ ಕೆಳಗೆ ನಿಂತಿದ್ದ. ಆಮೇಲೆ ಸುತ್ತಿಗೆ ಕೆಳಗಿಟ್ಟ.

ಅವಳ ಹಳ್ಳಕ್ಕೆ ಹೋಗಬೇಕು, ಅವಳಿಗೆ ತಿಳಿಯಬಾರದು. ಈ ಒಂದು ಯೋಚನೆ ಉಳಿದೆಲ್ಲವನ್ನೂ ತಾನೇ ತೀರ್ಮಾನ ಮಾಡಿತು. ಗಾಡಿ ತೆಗೆದರೆ ಚಕ್ರದ ಗುರುತು ಬೀಳುತ್ತದೆ, ನಡೆದೇ ಹೋಗುವುದು. ಅವನೇ ಕೊಟ್ಟಿದ್ದ ಬೀಕನ್ನನ್ನು ಗ್ಲೆನಿಸ್ ತನ್ನ ಚೀಲಕ್ಕೆ ಕಟ್ಟಿಕೊಂಡಿದ್ದಳು, ಆ ಚೀಲ ಬಾಗಿಲ ಬಳಿ ನೇತಾಡುತ್ತಿತ್ತು. ಬಿಚ್ಚಿದರೆ ಅವಳ ಗಂಟು ಮತ್ತೆ ಹಾಗೆಯೇ ಹಾಕಲು ಬರುವುದಿಲ್ಲ. ರೇಡಿಯೊ ತೆಗೆದುಕೊಂಡರೆ, ಅವಳು ಕರೆದಾಗ ಎಲ್ಲಿದ್ದೀನಿ ಎಂದು ಸುಳ್ಳು ಹೇಳಬೇಕು. ಚಾರ್ಜಿಗೆ ಹಾಕಿಟ್ಟರೆ ಆ ಪಾಡಿಲ್ಲ. ಎಲ್ಲಿಗೆ ಹೋದೆ ಎಂದು ಬರೆಯಲು ಕ್ಯಾರವಾನಿನ ಬಾಗಿಲಲ್ಲಿ ಅವನೇ ಹಾಕಿದ್ದ ಕಪ್ಪು ಹಲಗೆಯನ್ನು ಅವನು ನೋಡಲೂ ಇಲ್ಲ. ಒಂದು ಬಾಟಲಿ ನೀರು, ಪಿಕಾಸಿ, ಹೊಸ ಯಂತ್ರ. ಅವರು ಬರುವ ಮುಂಚೆ ಬಂದುಬಿಡುತ್ತೇನೆ ಎಂದುಕೊಂಡ.

ದಿಣ್ಣೆ ಹತ್ತುವಾಗ ಅವನ ಕಾಲಿಗೆ ಹುರುಪಿತ್ತು. ಹಳ್ಳ ಸಿಕ್ಕಿತು. ಗ್ಲೆನಿಸಳ ಅಗೆತದ ಗುರುತುಗಳು ಕಂಡವು. ಅಗೆದ ಗುಂಡಿಗಳನ್ನು ಮರಳಿ ಮುಚ್ಚಿ, ಹಾಸಿಗೆ ಸರಿಮಾಡಿದಂತೆ ಮಣ್ಣು ಸವರಿದ್ದಳು. ಅದನ್ನು ಕಲಿಸಿದ್ದೂ ಅವನೇ. ಅದರ ಸುತ್ತಮುತ್ತ, ನೇರ ಸಾಲಿನಲ್ಲಿ, ಸಂದು ಬಿಡದೆ ಬೀಸಿದ. ಬಹಳ ಹೊತ್ತು ಯಂತ್ರ ಮೂಕವಾಗಿತ್ತು. ಕೊನೆಗೆ ಹಳ್ಳದ ಅಂಚಿನಲ್ಲಿ, ಒಣ ಕಡ್ಡಿಗಳ ಒಂದು ಸಣ್ಣ ರಾಶಿಯ ಬಳಿ, ಕಿವಿಯಲ್ಲಿ ದನಿ ಎದ್ದಿತು. ಮೊಳೆಯ ಕೀರಲು ದನಿಯಲ್ಲ, ತುಂಬಿದ, ಮೆತ್ತನೆಯ ದನಿ. ಇನ್ನೊಂದು ಪಕ್ಕದಿಂದಲೂ ಬೀಸಿ ನೋಡೋಣವೆಂದು, ನೆಲ ತಟ್ಟದೆ, ಪಕ್ಕಕ್ಕೊಂದು ಹೆಜ್ಜೆ ಇಟ್ಟ.

ಮಣ್ಣಿನಡಿ ಕೊಳೆತ ತಗಡಿತ್ತು. ನೂರು ವರ್ಷದ ಹಿಂದೆ ಯಾವನೋ ತೋಡಿ, ಕುರಿ ಬೀಳದಿರಲೆಂದು ಮುಚ್ಚಿದ ಗುಂಡಿ. ತಗಡು ಹರಿಯಿತು, ಬಲಗಾಲು ತೊಡೆಯವರೆಗೆ ಇಳಿಯಿತು, ಕೆಳಗೆ ಕಲ್ಲಿಗೆ ಸಿಕ್ಕಿ ಪಾದ ತಿರುಚಿಕೊಂಡಿತು. ಮೂಳೆ ಮುರಿದ ಸದ್ದು ಅವನಿಗೆ ಹೆಡ್‌ಫೋನಿನ ಒಳಗೂ ಕೇಳಿಸಿತು.

ಕಾಲು ಎಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಮೈಯೆಲ್ಲ ಬೆವರಿ, ಎರಡು ಸಲ ವಾಂತಿಯಾಯಿತು. ಪಾದ ನಿಲ್ಲಬೇಕಾದ ಕಡೆ ನಿಂತಿರಲಿಲ್ಲ. ನೆರಳೆಂದರೆ ಬಡಕಲು ಮಲ್ಗಾ ಗಿಡದ ಜರಡಿ ನೆರಳು. ಬಿಡಾರ ದಿಣ್ಣೆಯ ಆಚೆ. ಕೂಗಿದರೆ ಕೇಳಲು ಯಾರೂ ಇಲ್ಲ, ಬರೆದಿಟ್ಟು ಬಂದಿಲ್ಲ, ಒತ್ತಲು ಬೀಕನ್ ಇಲ್ಲ. ತಾನು ಪಾಠದಲ್ಲಿ ಹೇಳುವ ಮನುಷ್ಯ ತಾನೇ ಆಗಿದ್ದೇನೆ ಎಂದು ಡೆಸ್‌ಗೆ ಹೊಳೆಯಿತು. ಭಯಕ್ಕಿಂತ ಮುಂಚೆ ಬಂದದ್ದು ಆಲ್ಬಿಯ ಮುಖ.

ಬಿದ್ದಲ್ಲೇ ಬಿದ್ದಿದ್ದ ಯಂತ್ರ ಇನ್ನೂ ಕೂಗುತ್ತಿತ್ತು. ಹೆಡ್‌ಫೋನ್ ನೆಲದಲ್ಲಿ ಬಿದ್ದು, ಇರುವೆಯಷ್ಟು ಸಣ್ಣದಾಗಿ, ಬಿಡದೆ ಕೂಗುತ್ತಿತ್ತು. ನೀರು ಉಳಿಸಿಕೊಂಡು ನೆರಳಿನಲ್ಲಿ ಅಲ್ಲಾಡದೆ ಮಲಗಿರಬೇಕೆಂದು ಅವನಿಗೆ ಗೊತ್ತಿತ್ತು. ಅವನು ಹೊಟ್ಟೆಯ ಮೇಲೆ ತೆವಳಿಕೊಂಡು ಬಿಸಿಲಿಗೆ ಹೋಗಿ, ಪಿಕಾಸಿಯಿಂದ ಕಡ್ಡಿರಾಶಿ ಸರಿಸಿ ಅಗೆಯತೊಡಗಿದ. ಮಣ್ಣು ಗಟ್ಟಿಯಾಗಿತ್ತು. ಒಂದು ಗೇಣು ಆಳಕ್ಕೆ ಇಳಿಯುವ ಹೊತ್ತಿಗೆ ಬಾಟಲಿ ಖಾಲಿಯಾಗಿತ್ತು. ಆಗ ಸಿಕ್ಕಿತು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು, ಅಂಗೈಯಲ್ಲಿಟ್ಟರೆ ಕೈ ತಾನೇ ಕೆಳಗಿಳಿಯುವಷ್ಟು ತೂಕದ ಗಟ್ಟಿ.

ಅವಳದಕ್ಕಿಂತ ದೊಡ್ಡದು. ಮೊದಲು ಬಂದ ಯೋಚನೆ ಅದೇ. ಅವಳ ಬಾಟಲಿಯಲ್ಲಿರುವ ಯಾವುದೂ ಇದರ ಅರ್ಧಕ್ಕೂ ಬಾರದು. ಬಿರಿದ ತುಟಿಯಲ್ಲೇ ಡೆಸ್ ನಕ್ಕ. ಗಟ್ಟಿಯನ್ನು ಒಳ್ಳೆಯ ಕಾಲಿನ ಕಾಲುಚೀಲದೊಳಗೆ ಇಳಿಸಿ, ನೆರಳಿಗೆ ತೆವಳಿದ. ಆಮೇಲೆ ಕಣ್ಣಿಗೆ ಹಳ್ಳವೆಲ್ಲ ನೀರಾಗಿ ಅಲುಗಾಡತೊಡಗಿತು.

ಗ್ಲೆನಿಸ್ ಮಧ್ಯಾಹ್ನ ಬಿಡಾರಕ್ಕೆ ಬಂದಾಗ ಚಪ್ಪರದ ಕಂಬ ಹಾಗೇ ಓಲಾಡುತ್ತಿತ್ತು, ಸುತ್ತಿಗೆ ನೆಲದಲ್ಲಿತ್ತು. ಗಾಡಿ ಇದೆ, ರೇಡಿಯೊ ಚಾರ್ಜಿಗಿದೆ, ಹಲಗೆ ಖಾಲಿ. ಹೊಸ ಯಂತ್ರ ಇಲ್ಲ.

"ಇಲ್ಲೇ ಎಲ್ಲೋ ಹೋಗಿರ್ತಾನೆ ಬಿಡೇ," ಎಂದ ಆಲ್ಬಿ. "ಎಲ್ಲರಿಗೂ ಪಾಠ ಹೇಳೋನು."

"ಎಲ್ಲಿಗೆ ಹೋಗಿದ್ದಾನೆ ಅಂತ ನಂಗೊತ್ತು," ಎಂದಳು ಗ್ಲೆನಿಸ್. ಅವಳು ಗಾಬರಿಯಲ್ಲಿ ಓಡಲಿಲ್ಲ. ಬೀಕನ್ ಕಟ್ಟಿದ ತನ್ನ ಚೀಲ, ನೀರಿನ ಕ್ಯಾನು, ಬ್ಯಾಂಡೇಜು, ಬಟ್ಟೆಯ ಹಾಸು ಗಾಡಿಗೆ ಹಾಕಿದಳು. ಒಂದು ರೇಡಿಯೊ ರೋಮಾಳ ಕೈಗೆ ಕೊಟ್ಟು ಬಿಡಾರದಲ್ಲೇ ಕೂರಿಸಿದಳು, ಇನ್ನೊಂದನ್ನು ತಾನು ತೆಗೆದುಕೊಂಡಳು. ಹಲಗೆಯ ಮೇಲೆ ಎಲ್ಲಿಗೆ ಎಂದು ದೊಡ್ಡದಾಗಿ ಬರೆದಳು. ಆಮೇಲೆ ಆಲ್ಬಿಯ ಪಕ್ಕ ಹತ್ತಿ, "ದಿಣ್ಣೆ ಆಚೆಗೆ. ಎಷ್ಟು ಹತ್ರ ಹೋಗತ್ತೋ ಅಷ್ಟು ಹತ್ರ ತಗೊಂಡು ಹೋಗು," ಎಂದಳು.

ಡೆಸ್‌ಗೆ ಮೊದಲು ಕೇಳಿಸಿದ್ದು ಅವಳು ತನ್ನ ಹೆಸರು ಕೂಗುವ ದನಿ, ಆಮೇಲೆ ತುಟಿಗೆ ತಾಗಿದ ನೀರು. ಗುಟುಕು ಗುಟುಕಾಗಿ ಕುಡಿಸಿದಳು, ಒಮ್ಮೆಗೇ ಕೊಡಲಿಲ್ಲ. ಕತ್ತಿಗೆ ಒದ್ದೆ ಬಟ್ಟೆ ಸುತ್ತಿದಳು. ಅವನ ಪಾದ ನೋಡಿ ಆಲ್ಬಿ ಆ ಕಡೆ ತಿರುಗಿ ನಿಂತ.

"ಗ್ಲೆನಿಸ್," ಡೆಸ್ ಅವಳ ತೋಳು ಹಿಡಿದ. "ಬೀಕನ್ ಒತ್ತಬೇಡ. ಗಾಡೀಲೇ ಹೋಗೋಣ. ಸಂಘದಲ್ಲಿ ಗೊತ್ತಾದ್ರೆ ನಾನು ತಲೆ ಎತ್ತಂಗಿಲ್ಲ."

"ಒತ್ತಿ ಆಯ್ತು."

"ಯಾವಾಗ?"

"ನಿನ್ನ ಪಾದ ನೋಡಿದ ತಕ್ಷಣ. ನಾಚಿಕೆಯಿಂದ ಸತ್ತೋರೇ ಜಾಸ್ತಿ ಅಂತ ಯಾರು ಹೇಳ್ಕೊಟ್ಟಿದ್ದು? ಸುಮ್ನೆ ಮಲಗಿರು."

ಇಳಿಹೊತ್ತಿಗೆ ಪೊಲೀಸರ ಗಾಡಿ ಬಂತು, ಅದರ ಹಿಂದೆ ಆಂಬುಲೆನ್ಸು. ನೋವು ತಗ್ಗಿಸಲು ಸೂಜಿ ಚುಚ್ಚಿದರು. ಅದರ ಮಂಪರಿನಲ್ಲೂ ಡೆಸ್ ಎಡಗಾಲನ್ನು ಯಾರಿಗೂ ಮುಟ್ಟಲು ಕೊಡಲಿಲ್ಲ. "ಅದು ಚೆನ್ನಾಗಿದೆ, ಅದು ಚೆನ್ನಾಗಿದೆ," ಎಂದು ಬಡಬಡಿಸುತ್ತಲೇ ಇದ್ದ.

ಕಾಲ್ಗೂರ್ಲಿಯ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಬಟ್ಟೆ ಬಿಚ್ಚಿದ ನರ್ಸು, ಅವನ ಸಾಮಾನನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಂಡತಿಯ ಕೈಗೆ ಕೊಟ್ಟಳು. ಗಡಿಯಾರ, ಬೆಲ್ಟು, ಉಂಗುರ, ಮತ್ತೆ ಕಾಲುಚೀಲದಲ್ಲಿದ್ದ ಕಲ್ಲು ಎಂದಳು ನರ್ಸು.

ಮರುದಿನ ಡೆಸ್ ಪೂರ್ತಿ ಎಚ್ಚರಾದಾಗ ಕಾಲು ಬಿಳಿ ಕಟ್ಟಿನಲ್ಲಿ ಮೇಲಕ್ಕೆ ನಿಂತಿತ್ತು. ಗ್ಲೆನಿಸ್ ಪಕ್ಕದ ಕುರ್ಚಿಯಲ್ಲಿದ್ದಳು. ಹಾಸಿಗೆಯ ಪಕ್ಕದ ಮೇಜಿನ ಮೇಲೆ, ನೀರಿನ ಲೋಟದ ಬಳಿ, ತೊಳೆದ ಗಟ್ಟಿ ಹೊಳೆಯುತ್ತಿತ್ತು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಒಳ್ಳೇ ಗಟ್ಟಿ," ಎಂದಳು.

"ಹೂಂ."

"ಕಡ್ಡಿ ರಾಶಿ ಅಡೀಲಿತ್ತಾ?"

ಅವನು ತಲೆ ತಿರುಗಿಸಿ ನೋಡಿದ. "ಕಡ್ಡಿ ರಾಶಿ ನಿಂಗೆ ಹೇಗೆ ಗೊತ್ತು?"

ಗ್ಲೆನಿಸ್ ತನ್ನ ಕೈಗಳನ್ನು ನೋಡಿಕೊಂಡಳು. ಹೇಳಬಾರದಿತ್ತು ಎಂದು ಅವಳಿಗೆ ಆಗ ಅನ್ನಿಸಿರಬೇಕು. ಆದರೆ ಮಾತು ಹೊರಬಿದ್ದಿತ್ತು. "ನಾನೇ ಇಟ್ಟಿದ್ದು. ಹಿಂದಿನ ದಿನ ಯಂತ್ರ ಅಲ್ಲಿ ಜೋರಾಗಿ ಕೂಗ್ತು. ಅಗೀಲಿಲ್ಲ. ಗುರುತಿಗೆ ಕಡ್ಡಿ ಇಟ್ಟು ಬಂದೆ. ನಿನ್ನ ಕರ್ಕೊಂಡು ಹೋಗಿ, ಆ ಕಡೆ ನೀನೇ ಬೀಸು ಅಂತ ಹೇಳೋಣ ಅಂತಿದ್ದೆ."

ಅವಳು ಮಾಡಿದ್ದು ಪ್ರೀತಿಯಿಂದ ಎಂದು ಅವನಿಗೆ ತಿಳಿಯದೆ ಇಲ್ಲ. ಆದರೂ ಬಿಸಿಲಿನಲ್ಲಿ ಬಿದ್ದಾಗ ಆಗದ ಸಂಕಟ ಈಗ ಆಯಿತು. ಇಷ್ಟು ವರ್ಷಕ್ಕೆ ಸಿಕ್ಕ ಒಂದೇ ಒಂದು ಗಟ್ಟಿ, ಕಾಲು ಮುರಿದುಕೊಂಡು ಅಗೆದದ್ದು, ಅದೂ ಅವಳು ತಿನ್ನದೆ ತನಗೆಂದು ಎತ್ತಿಟ್ಟ ತುತ್ತಿನ ಹಾಗೆ.

"ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದು ಕೇಳಿದ.

"ಏನು?"

"ನನ್ನ ಹೊಟ್ಟೆಕಿಚ್ಚು."

"ಟೀಗೆ ಸಕ್ಕರೆ ಬಿಟ್ಟಾಗಿಂದ," ಎಂದಳು ಗ್ಲೆನಿಸ್.

ಅವನು ಗೋಡೆಯ ಕಡೆ ಮುಖ ಮಾಡಿದ. ಅವಳು ಎದ್ದು ಅವನ ಹೊದಿಕೆ ಸರಿಮಾಡಿ ಮನೆಗೆ ಹೋದಳು.

ಸುದ್ದಿ ಊರೆಲ್ಲ ಹರಡಿತು. ಡೆಸ್ ಊರುಗೋಲಿನಲ್ಲಿ ಓಡಾಡುವಂತಾದ ಮೇಲೂ ಪಾಠಕ್ಕೆ ಹೋಗಲಿಲ್ಲ. ಒಂದು ತಿಂಗಳು ಪಾಠವೇ ನಡೆಯಲಿಲ್ಲ. ಮುಂದಿನ ತಿಂಗಳು ಸಂಘದವರು ಗ್ಲೆನಿಸಳನ್ನು ಕೇಳಿದರು. ಡೆಸ್ ಬಂದರೆ ಮಾತ್ರ ಎಂದಳು. ಅವನು ಬಂದು ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂತ. ಅವಳು ಮೇಜಿನ ಮೇಲೆ ಸಾಮಾನು ಅಡ್ಡಾದಿಡ್ಡಿ ಹರಡಿದ್ದಳು. ಬ್ಯಾಂಡೇಜು ಸುತ್ತುವುದನ್ನು ತೋರಿಸುವಾಗ ತುಂಬ ಸಡಿಲ ಬಿಟ್ಟಳು. ಅವನು ತಡೆದುಕೊಂಡ, ತಡೆದುಕೊಂಡ, ಕೊನೆಗೆ ಊರುಗೋಲು ಕುಟ್ಟುತ್ತ ಮುಂದೆ ಹೋಗಿ ಅವಳ ಕೈಯಿಂದ ಕಿತ್ತುಕೊಂಡ. "ಹೀಗೆ ಸುತ್ತಿದ್ರೆ ಹಾವಿಗೆ ನಗು ಬರತ್ತೆ," ಎಂದ. ಜನ ನಕ್ಕರು. ಯಾರೋ ಅವನ ಕಾಲಿನ ಬಗ್ಗೆ ಕೇಳಿದರು. ಅವನು ಹೇಳಿದ. ಹೆಂಡತಿಗೆ ಗೊತ್ತಾಗಬಾರದು ಎಂದು ರೇಡಿಯೊ ಬಿಟ್ಟು ಹೋದದ್ದನ್ನು, ಬೀಕನ್ ಬಿಚ್ಚದೆ ಹೋದದ್ದನ್ನು, ಎಲ್ಲವನ್ನೂ. ಯಾಕೆ ಗೊತ್ತಾಗಬಾರದಿತ್ತು ಎಂದು ಒಬ್ಬ ಕೇಳಿದಾಗ ಮಾತ್ರ ಅವನು ಬೂಟು ನೋಡಿಕೊಂಡು, "ಅದು ಇನ್ನೊಂದು ಪಾಠ," ಎಂದ.

ಆದರೆ ಮುಂದಿನ ಚಳಿಗಾಲ ಬಂದಾಗ ಗ್ಲೆನಿಸ್ ಯಂತ್ರ ಮುಟ್ಟಲಿಲ್ಲ. ಕಾಡಿನಲ್ಲಿ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಮತ್ತೆ ಉಣ್ಣೆ ಉಂಡೆ ಬಿಚ್ಚಿದಳು. ಡೆಸ್ ಕುಂಟುತ್ತ ಒಬ್ಬನೇ ಬೀಸಿ ಬಂದ, ಅಕ್ಕಿಕಾಳಿನಷ್ಟು ಒಂದು ಚೂರು ತಂದ. ಈಗ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅವಳು ಕಡ್ಡಿ ಇಟ್ಟು ಬಿಟ್ಟುಬಂದ ಹಳ್ಳದ ಹಾಗೆ ಇಡೀ ಕಾಡನ್ನೇ ತನಗೆ ಬಿಟ್ಟುಕೊಟ್ಟಿದ್ದಾಳೆ ಎನ್ನಿಸಿ, ಅವನು ತಂದ ಚೂರನ್ನು ಮಾತ್ರೆ ಡಬ್ಬಿಗೂ ಹಾಕಲಿಲ್ಲ. ಮೂರು ದಿನ ಹೀಗೇ ಕಳೆಯಿತು.

"ಯಂತ್ರ ತಗೊಂಡು ಹೋಗು," ಎಂದ.

"ಬೇಡ. ಸಿಕ್ಕಿದ್ರೆ ನಿನ್ನ ಮುಖ ಒಂಥರಾ ಆಗತ್ತೆ. ಆ ಮುಖ ನೋಡಕ್ಕೆ ನನ್ನ ಕೈಲಾಗಲ್ಲ."

"ಆಗತ್ತೆ. ಆಗ್ಲಿ ಬಿಡು. ಆಗಲ್ಲ ಅಂತ ಹೇಳಿದ್ರೆ ಸುಳ್ಳಾಗತ್ತೆ." ಅವನು ಯಂತ್ರವನ್ನು ಅವಳ ಕುರ್ಚಿಗೆ ಒರಗಿಸಿದ. "ಅದು ನನ್ನ ಮುಖ, ನಾನು ನೋಡ್ಕೋತೀನಿ. ನಂಗೋಸ್ಕರ ಅಂತ ಎತ್ತಿಡೋದು ಮಾತ್ರ ಬೇಡ ಗ್ಲೆನಿಸ್. ಅದನ್ನ ನಾನು ತಡ್ಕೊಳಲ್ಲ."

ಅವಳು ಹಿಡಿದ ಸಾಲು ಹೆಣೆದು ಮುಗಿಸಿ ಉಣ್ಣೆ ಕೆಳಗಿಟ್ಟಳು. ಆಮೇಲೆ ಎದ್ದು ಕಾಲುಪಟ್ಟಿ ಕಟ್ಟಿಕೊಂಡು, ಒಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗುನುಗುತ್ತ ಹೊರಟಳು. ಡೆಸ್ ಬೆಂಕಿ ಹೊತ್ತಿಸಿ, ಕುರಿಮಾಂಸ ಬೇಯಲಿಟ್ಟು, ಹಿಟ್ಟು ನಾದಿ ಬಿಸಿ ಬೂದಿಯಲ್ಲಿ ಬೇಯಲೆಂದು ರೊಟ್ಟಿ ಹೂತ.

ಅವಳು ವಾಪಸು ಬಂದಾಗ ಬಲಗೈ ಮುಚ್ಚಿಕೊಂಡಿತ್ತು. ಅವನು ಅದನ್ನು ದೂರದಿಂದಲೇ ನೋಡಿದ. ಹಳೆಯ ಹೊಟ್ಟೆಕಿಚ್ಚು ಪರಿಚಯದವನ ಹಾಗೆ ಎದ್ದು ಕೂತಿತು.

"ನೋಡ್ತೀಯಾ, ಬೇಡ್ವಾ?" ಎಂದಳು.

"ಮೊದಲು ಊಟ ಮಾಡೋಣ ಕಣೇ," ಎಂದ ಡೆಸ್, ತಟ್ಟೆ ಮುಂದಿಡುತ್ತ. "ಆಮೇಲೆ ನೋಡ್ತೀನಿ. ಹೊಟ್ಟೇಲಿ ಒಂಚೂರು ಅನ್ನ ಆಹಾರ ಇದ್ರೆ ಉರಿ ಕಮ್ಮಿ."